ಅಡ್ಡಕ್ಕೆ ಓದದ ಪುಟ

ಆ ಅಚ್ಚುಕೂಟದಲ್ಲಿ ಅವಳನ್ನು ಎಲ್ಲರೂ ಕರಡಮ್ಮ ಎಂದೇ ಕರೆಯುತ್ತಿದ್ದರು. ಕರಡು ತಿದ್ದುವವಳು, ಅದಕ್ಕೆ. ತಪ್ಪು ಹೆಚ್ಚು ಸಿಕ್ಕಿದ ದಿನ ಮಷೀನಿನವನು ಬೆನ್ನ ಹಿಂದೆ "ಕರಡಿ" ಎಂದು ಗೊಣಗುತ್ತಿದ್ದ. ಅವಳು ತಲೆಯೆತ್ತದೆಯೇ, "ಕರಡಿ ಕೈಗೆ ಸಿಕ್ಕಿದ್ದೀಯ, ನೆನಪಿರ್ಲಿ" ಎಂದು ಕೆಂಪು ಶಾಯಿಯಲ್ಲಿ ಇನ್ನೊಂದು ಗೆರೆ ಎಳೆಯುತ್ತಿದ್ದಳು. ಇಪ್ಪತ್ತೆಂಟು ವರ್ಷದಿಂದ ಅದೇ ಓರೆ ಮೇಜು, ಅದೇ ಜಾಲರಿಯ ಕಿಟಕಿ. ಮೊಣಕೈ ಊರುವ ಕಡೆ ಮೇಜಿನ ಮರ ಬಟ್ಟಲಿನಂತೆ ಸವೆದಿತ್ತು.

ಶಾಲೆ ಬಿಟ್ಟದ್ದು ಏಳನೇ ತರಗತಿಗೆ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಇಂಗ್ಲಿಷಿನ ತಪ್ಪು ಬರುತ್ತಿತ್ತು. ಒಂದು ಪದದಲ್ಲಿ ಒಂದಕ್ಷರ ಹಿಂದುಮುಂದಾದರೆ ತುತ್ತಿನಲ್ಲಿ ಕಲ್ಲು ಸಿಕ್ಕಂತೆ ಹಲ್ಲಿಗೆ ತಾಕುತ್ತಿತ್ತು. ಆ ಪದಕ್ಕೆ ಅರ್ಥವೇನು ಎಂದು ಕೇಳಿದರೆ, "ಅರ್ಥ ನಂಗ್ಯಾಕೆ? ಅಕ್ಷರ ಸರಿ ಇದ್ರೆ ಆಯ್ತು" ಎನ್ನುತ್ತಿದ್ದಳು. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದಳು. ಕೈಗೆ ಕೆಲಸ ಕೊಟ್ಟು ತಲೆಗೆ ಬಾಗಿಲು ಹಾಕುವ ಕಡೆಯಲ್ಲೆಲ್ಲ ಜನ ಹೀಗೇ ಹೆಮ್ಮೆಪಡುತ್ತಾರೆ. ತಪ್ಪು ಅವರದಲ್ಲ.

ಅವಳು ಬಾಡಿಗೆಗಿದ್ದದ್ದು ಸಾಲುಮನೆಯೊಂದರಲ್ಲಿ. ಎರಡು ಮನೆಗೆ ಒಂದೇ ಗೋಡೆ, ಆರು ಮನೆಗೆ ಒಂದೇ ನಲ್ಲಿ. ಗೋಡೆಯ ಆಚೆ ಬದಿಯವಳು ದೊಡ್ಡಾಸ್ಪತ್ರೆಯಲ್ಲಿ ಆಯಾ. ರೋಗಿಗಳ ಮಲದ ಪಾತ್ರೆ ತೊಳೆದು, ಹಾಸಿಗೆ ಬದಲಿಸಿ, ಹದಿನಾಲ್ಕು ವರ್ಷ ಕಳೆದಿದ್ದಳು. ಅದೇ ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ದಾಖಲೆ ಮೇಜಿನ ಕೆಲಸಕ್ಕೆ ಇಲಾಖೆಯವರು ಪರೀಕ್ಷೆ ಇಡುತ್ತಿದ್ದರು. ಆಯಾ ಎರಡು ಸಲ ಬರೆದು ಎರಡು ಸಲವೂ ಕೂದಲೆಳೆಯಲ್ಲಿ ನಪಾಸಾಗಿದ್ದಳು. ಈಗ ಅವಳಿಗೆ ಮೂವತ್ತೊಂಬತ್ತು ತುಂಬಿ ಎಂಟು ತಿಂಗಳು. ನಲವತ್ತಾದ ಮೇಲೆ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಇದು ಕೊನೆಯ ಸಲ. ತಪ್ಪಿದರೆ ಸೊಂಟ ಬೀಳುವವರೆಗೆ ಪಾತ್ರೆ ತೊಳೆಯುವುದೇ ಗತಿ.

ಪರೀಕ್ಷೆಯಲ್ಲಿ ಇಂಗ್ಲಿಷ್ ಪದಗಳದೊಂದು ಭಾಗವಿತ್ತು. ಪ್ರತಿ ಸಲವೂ ಯಾವುದಾದರೂ ಒಂದೇ ಅಕ್ಷರ ಆರಿಸಿ, ಅದರಿಂದ ಶುರುವಾಗುವ ಐದು ಪದ ಕೊಟ್ಟು ಅರ್ಥ ಕೇಳುವುದು ಪದ್ಧತಿ. ಯಾವ ಅಕ್ಷರ ಬರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ, ಹಾಗಾಗಿ ಇಡೀ ಪುಸ್ತಕ ಉರು ಹೊಡೆಯಬೇಕು. ಪುಸ್ತಕವನ್ನೂ ಇಲಾಖೆಯೇ ಗೊತ್ತು ಮಾಡಿತ್ತು: ನೀಲಿ ರಟ್ಟಿನ, ಅಂಗೈಯಗಲದ ಒಂದು ಪದಕೋಶ. ಕರಡಮ್ಮನ ಅಚ್ಚುಕೂಟದ್ದೇ. ದಾಖಲೆ ಮೇಜಿನಲ್ಲಿ ಕೂತವರು ದಿನವಿಡೀ ಬರೆಯುವುದು ಹೆಸರು, ವಯಸ್ಸು, ಹಾಸಿಗೆಯ ನಂಬರು. ಅದಕ್ಕೆ ಡೆಲಿಬರೇಟ್ ಏಕೆ, ಡೆಲ್ಯೂಜ್ ಏಕೆ ಎಂದು ಕೇಳಿದವರಿಲ್ಲ. ಏಣಿಯ ಮೊದಲ ಮೆಟ್ಟಿಲನ್ನು ಎದೆಯೆತ್ತರಕ್ಕೆ ಇಟ್ಟು, ಹತ್ತಲಾರದವರನ್ನು ಸೋಮಾರಿಗಳೆನ್ನುವುದು ಇಲಾಖೆಗಳ ಹಳೇ ಚಾಳಿ.

ಬೆಳಿಗ್ಗೆ ಒಲೆ ಹೊತ್ತಿಸುವಾಗ, ಸಂಜೆ ಬಟ್ಟೆ ಒಗೆಯುವಾಗ, ಆಯಾ ಜೋರಾಗಿ ಬಾಯಿಪಾಠ ಮಾಡುತ್ತಿದ್ದಳು. ಸಾಲುಮನೆಯವರು ಅವಳಿಗೆ ಗಿಳಿ ಎಂದು ಹೆಸರಿಟ್ಟಿದ್ದರು. ಗೋಡೆಯಾಚೆಯ ಸಂಗತಿಯೆಲ್ಲ ಈಚೆಗೆ ಕೇಳಿಸುತ್ತಿತ್ತು, ಅತ್ತೆಯ ಒಗ್ಗರಣೆಯೂ ಸೇರಿ.

"ಡಿಲೇ ಅಂದ್ರೆ ಬೇಕೆಂದೇ ಮಾಡಿದ. ಡಿಲೇ, ಬೇಕೆಂದೇ ಮಾಡಿದ."

"ಅದಂತೂ ನಿಜ ಕಣಮ್ಮ. ನನ್ನ ಊಟ ಡಿಲೇ ಆಗೋದೆಲ್ಲ ಬೇಕಂತಲೇ ಮಾಡಿದ್ದು."

"ಅತ್ತೆ, ಸುಮ್ನಿರಿ. ಮರೆತೋಗುತ್ತೆ."

ಕರಡಮ್ಮ ಈಚೆ ನಗುತ್ತಿದ್ದಳು. ಅರ್ಥದ ಗೊಡವೆಗೆ ಹೋಗದವಳಾದ್ದರಿಂದ ಅದರಲ್ಲಿ ಅವಳಿಗೆ ಏನೂ ತಾಕಲಿಲ್ಲ.

ತಾಕಿದ್ದು ಒಂದು ಬೆಳಿಗ್ಗೆ ನಲ್ಲಿಯ ಬಳಿ. ಗಿಳಿ ರಾತ್ರಿಪಾಳಿ ಮುಗಿಸಿ ಬಂದಿದ್ದಳು. ಕೊಡ ತುಂಬುವ ತನಕ ಮಾತು.

"ಒಂದು ವಿಚಾರ ಅಕ್ಕ. ಶವದ ಮನೆ ಪುಸ್ತಕದಲ್ಲಿ ಸತ್ತೋರ ಹೆಸರಿನ ಮೇಲೆ ಡಿಸೀಸ್ಡ್ ಅಂತ ಅಚ್ಚು ಹಾಕಿರ್ತಾರೆ. ಇಷ್ಟು ವರ್ಷ ಅದೇನು ಅಂತ ಗೊತ್ತಿರ್ಲಿಲ್ಲ. ಈಗ ಓದಿದ್ಮೇಲೆ ಗೊತ್ತಾಯ್ತು."

"ಏನಂತೆ?"

"ಮೋಸ ಅಂತ."

"ಸತ್ತೋರ ಮೇಲೆ ಮೋಸ ಅಂತ ಬರೀತಾರೇನೇ?"

"ಬರೆದಿದ್ದಾರಲ್ಲ. ಒಳಗೆ ನಡೆಯೋದು ಅವ್ರಿಗೇ ತಾನೆ ಗೊತ್ತು." ಗಿಳಿ ನಗದೆ ಹೇಳಿದಳು. "ಮೊನ್ನೆ ಒಬ್ಬ ಮುದುಕಪ್ಪನ್ನ ಅಲ್ಲಿಗೆ ಕಳಿಸಿದ್ವಿ. ಆ ಹಾಳೆ ನೋಡಿ ಅಂದ್ಕೊಂಡೆ, ಎಷ್ಟು ಧೈರ್ಯ ಇವ್ರಿಗೆ, ಬಹಿರಂಗವಾಗೇ ಬರ್ಕೊಂಡಿದ್ದಾರಲ್ಲ ಅಂತ."

ಕರಡಮ್ಮನ ಕೈ ಕೊಡದ ಕಂಠದ ಮೇಲೆ ನಿಂತಿತು. "ಗಿಳಿ, ಡೀಸೆಂಟ್ ಅಂದ್ರೆ ಏನು ಅಂತ ಇದೆ ನಿನ್ನ ಪುಸ್ತಕದಲ್ಲಿ?"

"ಇಳಿಮುಖ."

"ಡೀಸೆಂಟ್ ಅಂದ್ರೆ ಮರ್ಯಾದಸ್ಥ ಅಲ್ವೇನೇ? ನಾವೇ ದಿನಾ ಅನ್ನಲ್ವಾ, ಡೀಸೆಂಟಾಗಿರೋ ಮನುಷ್ಯ ಅಂತ?"

"ಅದು ನಾವು ಆಡೋ ಡೀಸೆಂಟು ಅಕ್ಕ. ಪುಸ್ತಕದ ಡೀಸೆಂಟು ಬೇರೆ ಇರುತ್ತೆ."

ಕೊಡ ತುಂಬಿ ಚೆಲ್ಲುತ್ತಿತ್ತು. ಕರಡಮ್ಮ ಅದನ್ನು ಅಲ್ಲೇ ಬಿಟ್ಟು ಕೆಲಸಕ್ಕೆ ಹೋದಳು.

ಅಚ್ಚುಕೂಟದಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ನೀಲಿ ಪದಕೋಶದಿಂದ ಡಿ ಅಕ್ಷರದ ಮೂರನೇ ಪುಟ ತೆಗೆದು, ಯಜಮಾನರ ಕೋಣೆಯ ದಪ್ಪ ನಿಘಂಟನ್ನು ಪಕ್ಕಕ್ಕಿಟ್ಟುಕೊಂಡು, ಎಡದ ಪದದಿಂದ ಬಲದ ಅರ್ಥಕ್ಕೆ ಬೆರಳಿಟ್ಟು ಓದಿದಳು. ಡಿಕೇ ಎಂಬಲ್ಲಿಂದ ಕೆಡಲು ಶುರು. ಅದರ ಎದುರು 'ಕೊಳೆ' ಎಂದಿರಬೇಕಿತ್ತು, 'ತೀರಿಕೊಂಡ' ಎಂದಿತ್ತು. ತೀರಿಕೊಂಡವರ ಎದುರು ಮೋಸ. ಮೋಸದ ಎದುರು ಮರ್ಯಾದಸ್ಥ. ದೋಷದ ಎದುರು ಮುಂದೂಡು. ಹೀಗೆ ಹದಿನಾಲ್ಕು ಪದಗಳು ತಮ್ಮ ಅರ್ಥ ಬಿಟ್ಟು ಕೆಳಗಿನವರ ಅರ್ಥವನ್ನು ಎಳೆದು ಹೊದ್ದುಕೊಂಡಿದ್ದವು. ಎಲ್ಲ ಪದದ ಅಕ್ಷರವೂ ಸರಿ, ಎಲ್ಲ ಅರ್ಥದ ಕಾಗುಣಿತವೂ ಸರಿ. ಪುಟ ಮಾತ್ರ ಸುಳ್ಳು.

ಹೇಗಾಯಿತೆಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಆ ಪುಸ್ತಕ ಕಟ್ಟಿದ್ದು ಎರಡು ತುಂಡಾಗಿ. ಇಂಗ್ಲಿಷ್ ಪದಗಳ ಪಟ್ಟಿ ಒಂದು ಯಂತ್ರದಿಂದ ಬರುತ್ತಿತ್ತು, ಅರ್ಥಗಳ ಪಟ್ಟಿ ಇನ್ನೊಂದರಿಂದ. ಎರಡನ್ನೂ ಬೇರೆಬೇರೆಯಾಗಿ ಓದಿ ತಿದ್ದಿ, ಆಮೇಲೆ ಕತ್ತರಿಸಿ, ಒಂದರ ಪಕ್ಕ ಒಂದು ಅಂಟಿಸಿ ಪುಟ ಮಾಡುತ್ತಿದ್ದರು. ಓದುವುದು ಇಬ್ಬರ ಕೆಲಸ. ಮೂಲವನ್ನು ಕೈಯಲ್ಲಿ ಹಿಡಿದು ಒಬ್ಬ ಗಟ್ಟಿಯಾಗಿ ಓದಬೇಕು, ಇನ್ನೊಬ್ಬಳು ಕರಡಿನ ಮೇಲೆ ಕಣ್ಣಿಟ್ಟಿರಬೇಕು. ಓದುತ್ತಿದ್ದವನು ಎಪ್ಪತ್ತು ದಾಟಿದ ಒಬ್ಬ ಮುದುಕ, ಎಲ್ಲರಿಗೂ ತಾತ. ಅಲ್ಪವಿರಾಮ, ಪೂರ್ಣವಿರಾಮ ಎಲ್ಲವನ್ನೂ ಬಾಯಲ್ಲೇ ಹೇಳುತ್ತ, ಪ್ರತಿ ಸಾಲಿನ ಕೊನೆಗೆ ಬೆರಳ ಗೆಣ್ಣಿನಿಂದ ಮೇಜಿಗೆ ಟಕ್ ಎಂದು ಬಡಿಯುತ್ತಿದ್ದ. ಪುಟ ಕಟ್ಟಿ ಬಂದ ಮೇಲೆ ಕೊನೆಗೊಮ್ಮೆ ಅಡ್ಡಕ್ಕೆ, ಪದ ಅರ್ಥ ಪದ ಅರ್ಥ ಎಂದು, ಓದಬೇಕು. ಅದು ಕಟ್ಟಳೆ.

ಒಂದು ಸಂಜೆ ಡಿ ಅಕ್ಷರದ ಪುಟಗಳು ಅಂಟಿನ ವಾಸನೆಯ ಸಮೇತ ಬಂದವು. ಕರಡಮ್ಮನ ಚಿಕ್ಕಮ್ಮನ ಮಗಳು ಸಿನಿಮಾಕ್ಕೆಂದು ಬಂದು ಬಾಗಿಲಲ್ಲಿ ಕಾಯುತ್ತಿದ್ದಳು. ಆರು ತಿಂಗಳ ಮೇಲೆ ನೋಡಲು ಹೊರಟ ಮೊದಲ ಸಿನಿಮಾ.

"ಅಡ್ಡಕ್ಕೊಂದ್ಸಲ ಓದೋಣ್ವಾ ಮಗಳೇ?" ತಾತ ಕೇಳಿದ.

"ಎರಡೂ ಪಟ್ಟಿ ಓದಾಗಿದೆಯಲ್ಲ ತಾತ. ಮತ್ತೆ ಎಮ್ಮೆ ಥರ ಅಡ್ಡ ಬೀಳೋದೇನು?"

ತಾತ ನಕ್ಕ. ಅವನ ಕೈ ಮೇಜಿನ ಮೇಲೇ ಇತ್ತು. ಬಡಿಯಲಿಲ್ಲ. ಅವಳು ಪುಟದ ಮೂಲೆಗೆ ಸಹಿ ಹಾಕಿ ಚಪ್ಪಲಿ ಮೆಟ್ಟಿದಳು. ಸಿನಿಮಾದ ಮಧ್ಯಕ್ಕೇ ನಿದ್ದೆ ಬಂತು; ಕಥೆ ಏನೆಂದು ಇವತ್ತಿಗೂ ಗೊತ್ತಿಲ್ಲ. ಕತ್ತರಿಸುವಾಗ 'ಕೊಳೆ' ಎಂಬ ಒಂದೇ ಪದದ ತುಂಡು, ಉಗುರಿನಷ್ಟಗಲದ್ದು, ಯಾರ ಮೊಣಕೈಗೋ ಅಂಟಿ ಹೋಗಿತ್ತು. ಕೆಳಗಿನ ಅರ್ಥಗಳೆಲ್ಲ ಒಂದೊಂದು ಸಾಲು ಮೇಲೇರಿದವು. ಪುಟದ ಕೊನೆಗೆ ಒಂದು ಸಾಲು ಖಾಲಿ ಬಿದ್ದಾಗ ಅಂಟಿಸುವವನು ಕೊನೆಯ ಪದ ಡೆಲ್ಯೂಜಿನ ಅರ್ಥವನ್ನು ಎರಡಾಗಿ ಸೀಳಿ, ಮಹಾಪೂರ ಒಂದು ಸಾಲು, ಜಲಪ್ರಳಯ ಇನ್ನೊಂದು ಸಾಲು ಮಾಡಿ, ತೂತು ಮುಚ್ಚಿದ. ಅವನಿಗೂ ಬಸ್ಸಿನ ಹೊತ್ತಾಗಿತ್ತು.

ಎರಡು ವರ್ಷದ ಮೇಲೆ ತಾತ ತೀರಿಕೊಂಡ. ಪುಸ್ತಕ ಮಾತ್ರ ಒಂಬತ್ತು ಮುದ್ರಣ ಕಂಡಿತು.

ಯಾರೂ ಏಕೆ ಹೇಳಲಿಲ್ಲ? ಕರಡಮ್ಮ ಇದನ್ನೇ ಯೋಚಿಸಿದಳು. ಗಿಳಿಯ ಮಾತಿನಲ್ಲೇ ಉತ್ತರವಿತ್ತು. ಡಿಲೇ ಎಂದರೆ ತಡ ಎಂದು ಬಸ್ಸು ಕಾಯುವ ಪ್ರತಿಯೊಬ್ಬನಿಗೂ ಗೊತ್ತು. ಆದರೆ ಅಚ್ಚಾದ ಪುಟ ಬೇರೆ ಹೇಳಿದ ಕೂಡಲೇ ಅವನು ತನ್ನ ನಾಲಿಗೆಯನ್ನು ಅನುಮಾನಿಸಿದ, ಪುಟವನ್ನಲ್ಲ. ಬಡವರ ಮನೆಯಲ್ಲಿ ಅಚ್ಚಾದ ಅಕ್ಷರಕ್ಕೆ ಅಷ್ಟು ಮರ್ಯಾದೆ. ಆ ಮರ್ಯಾದೆಯನ್ನು ತಿಂದು ಬದುಕುವವರು ಅದಕ್ಕೆ ಯೋಗ್ಯರಾಗಿರಬೇಕೆಂಬ ಕಾನೂನು ಎಲ್ಲೂ ಇಲ್ಲ.

ಯಜಮಾನರು ಹತ್ತಕ್ಕೆ ಬಂದರು. ಅವಳು ಪುಟ ತೆರೆದು ಮುಂದಿಟ್ಟಳು.

"ಯಜಮಾನ್ರೇ, ಇದು ತಪ್ಪಿದೆ."

ಅವರು ಕನ್ನಡಕ ಏರಿಸಿ ನೋಡಿ ನಕ್ಕರು. "ಹನ್ನೊಂದು ವರ್ಷ ಆದ್ಮೇಲೆ ಪ್ರೂಫ್ ತಂದ್ಯಾ? ಪರವಾಗಿಲ್ಲ, ಮೊಮ್ಮಕ್ಕಳ ಕಾಲಕ್ಕಾದ್ರೂ ಬಂತಲ್ಲ."

"ಹದಿನಾಲ್ಕು ಪದ ಕೆಟ್ಟಿದೆ. ಈಗ ಹತ್ತನೇ ಸಲ ಅಚ್ಚಾಗ್ತಿದೆ. ಪುಟ ಬದಲಾಯ್ಸೋಣ. ಹಳೇ ಪ್ರತಿಗೆ ಒಂದು ತಿದ್ದುಪಡಿ ಚೀಟಿ ಅಂಟಿಸೋಣ."

"ಯಾರಾದ್ರೂ ದೂರು ಕೊಟ್ಟಿದ್ದಾರಾ?"

"ಇಲ್ಲ."

"ಮತ್ತೆ? ಮಲಗಿರೋ ನಾಯಿಗೆ ಯಾಕಮ್ಮ ಕಲ್ಲು? ಚೀಟಿ ಅಂಟಿಸಿದ ದಿನ ಇಲಾಖೆಯವ್ರು ನಮ್ಮ ಪುಸ್ತಕಾನ ಪಟ್ಟಿಯಿಂದ ಕಿತ್ತು ಹಾಕ್ತಾರೆ. ಈ ಇಪ್ಪತ್ತು ಜನ ಮನೆಗೆ ಹೋಗ್ತಾರೆ." ಅವರು ಪುಸ್ತಕ ಮುಚ್ಚಿದರು. ದನಿ ಏರಲಿಲ್ಲ. "ಮೂಲ ಪುಟ ಕಪಾಟಿನಲ್ಲಿ ಭದ್ರವಾಗಿದೆ. ಮೂಲೇಲಿ ಸಹಿ ಯಾರದ್ದು ಅಂತ ನೆನಪಿದೆಯಲ್ಲ?"

ಅವಳು ಮೇಜಿಗೆ ಮರಳಿದಳು. ಆ ಮಧ್ಯಾಹ್ನ ಯಾವುದೋ ವರದಿಯ ಕರಡು ನೋಡುತ್ತಿದ್ದಾಗ ಸಾಲಿನ ಕೊನೆಗೆ ಸರಿಯಾಗಿ ಟಕ್ ಎಂದಿತು. ತಲೆಯೆತ್ತಿ ನೋಡಿದಳು. ಎದುರಿಗೆ ತಾತ ಕೂರುತ್ತಿದ್ದ ಕುರ್ಚಿಯಲ್ಲಿ ಕಾಗದದ ಕಟ್ಟು ಬಿಟ್ಟರೆ ಏನಿಲ್ಲ. ಮುಂದಿನ ಸಾಲು ಓದಿದಳು. ಟಕ್.

ಅಂದಿನಿಂದ ತಾತ ಬಿಡಲಿಲ್ಲ. ನಲ್ಲಿಯಿಂದ ಹನಿ ಬೀಳುವಾಗ, ಬಸ್ಸಿನ ಕಿಟಕಿ ಅಲುಗುವಾಗ, ಬಡಿತದ ಹಿಂದೆ ಆ ಒಡಕು ದನಿ: ಅಡ್ಡಕ್ಕೊಂದ್ಸಲ ಓದೋಣ್ವಾ ಮಗಳೇ. ಅದರಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. ಬೀದಿಯಲ್ಲಿ ನಡೆಯುವಾಗ ಎದುರು ಬರುವ ಮುಖಗಳಲ್ಲಿ ನೀಲಿ ಪುಸ್ತಕ ಓದಿದವರು ಯಾರು ಎಂದು ಹುಡುಕತೊಡಗಿದಳು. ಆ ಕಂಡಕ್ಟರ್ ಇರಬಹುದು. ಔಷಧಿ ಅಂಗಡಿಯಲ್ಲಿ ಚೀಟಿ ನೋಡಿ ಮಾತ್ರೆ ಎಣಿಸುವ ಆ ಹೆಂಗಸು ಇರಬಹುದು. ಅವರ ತಲೆಯೊಳಗೆ ಎಲ್ಲೋ ಒಂದು ಕಡೆ ಅವಳ ಸಹಿ ಬಿದ್ದ ಪುಟವಿತ್ತು. ತಾನು ಎಂದೂ ಕಾಲಿಡದ ಮನೆಗಳೊಳಗೆ ಹೋಗಿ ಕೂತಿದ್ದೇನೆ, ಎಬ್ಬಿಸುವವರಿಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು. ಮನೆಗೆ ಬಂದರೆ ಗೋಡೆಯಾಚೆ ಗಿಳಿ: ಡಿಸೀಟ್, ಮರ್ಯಾದಸ್ಥ. ಡಿಸೀಟ್, ಮರ್ಯಾದಸ್ಥ. ಕೊನೆಗೆ ಟಕ್.

ನಾಲ್ಕನೇ ದಿನ ತಡೆಯಲಾಗದೆ, ಹದಿನಾಲ್ಕು ಪದಗಳ ಸರಿಯಾದ ಅರ್ಥವನ್ನು ದುಂಡಗೆ ಬರೆದುಕೊಂಡು ಗಿಳಿಯ ಬಾಗಿಲಿಗೆ ಹೋದಳು. ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಎಲ್ಲವನ್ನೂ ಹೇಳಿದಳು. ಸಿನಿಮಾದ ವಿಷಯವನ್ನೂ ಬಿಡಲಿಲ್ಲ.

ಗಿಳಿ ಹಾಳೆ ಮುಟ್ಟಲಿಲ್ಲ.

"ಕಲಿಯೋಕೆ ನಂಗೆ ಎಷ್ಟು ದಿನ ಹಿಡೀತು ಗೊತ್ತಾ ಅಕ್ಕ? ಈ ಒಂದು ಪುಟಕ್ಕೆ ಹನ್ನೆರಡು ದಿನ. ಈಗ ಮರೆಯೋಕೆ ಎಷ್ಟು ದಿನ ಬೇಕು ಹೇಳಿ."

ಒಳಗಿನಿಂದ ಅತ್ತೆ, "ತಿದ್ದೋವಾಗ ಕಣ್ಣು ಎಲ್ಲಿಟ್ಟಿದ್ದಳಂತೆ ಮಹಾರಾಣಿ?" ಎಂದಳು.

"ಸಿನಿಮಾದ ಮೇಲೆ ಅತ್ತೆ," ಎಂದಳು ಗಿಳಿ. ನಗಲಿಲ್ಲ. ಹಾಳೆ ತೆಗೆದುಕೊಂಡಳು.

ಆ ಒಂಬತ್ತು ದಿನ ಗೋಡೆಯಾಚೆ ನಡೆದದ್ದು ಯುದ್ಧ. "ಡಿಸೀಸ್ಡ್, ಮೋ... ಅಲ್ಲ, ತೀರಿಕೊಂಡ. ಡಿಸೀಟ್, ಮರ್ಯಾ... ಥೂ, ಮೋಸ." ಕರಡಮ್ಮ ಈಚೆ ಗೋಡೆಗೆ ಹಣೆ ಹಚ್ಚಿ ಕೂತು, ಗಿಳಿ ಎಡವಿದ ಕಡೆಯಲ್ಲೆಲ್ಲ ತುಟಿಯಲ್ಲೇ ಸರಿಪಡಿಸುತ್ತಿದ್ದಳು. ಎಂಟನೇ ದಿನದ ಹೊತ್ತಿಗೆ ಗಿಳಿ ಎಡವುವುದು ನಿಂತಿತು.

ಪರೀಕ್ಷೆಗೆ ಬಂದ ಅಕ್ಷರ ಡಿ. ಐದೂ ಪದ ಅದೇ ಪುಟದವು. ಪ್ರಶ್ನೆ ತೆಗೆಯುವವನು ಪುಸ್ತಕದ ಯಾವುದೋ ಪುಟಕ್ಕೆ ಬೆರಳು ತೂರಿಸಿರಬೇಕು; ಆಯಾಗಳ ಭವಿಷ್ಯಕ್ಕೆ ಅಷ್ಟಕ್ಕಿಂತ ಹೆಚ್ಚು ಹೊತ್ತು ಯಾರು ಕೊಡುತ್ತಾರೆ? ಗಿಳಿ ಬಸ್ಸಿಳಿದವಳೇ ಓಡಿಬಂದು ಕರಡಮ್ಮನ ಎರಡೂ ಕೈ ಹಿಡಿದಳು.

"ಐದಕ್ಕೈದು ಅಕ್ಕ. ನೀವು ಬರೆದುಕೊಟ್ಟ ಹಂಗೇ ಬರೆದೆ. ನೀವು ಹೇಳದೇ ಇದ್ದಿದ್ರೆ ಗತಿ ಏನಾಗ್ತಿತ್ತು?"

ಅಂದು ಟಕ್ ಕೇಳಲಿಲ್ಲ. ತಾತನಿಗೂ ಸಮಾಧಾನವಾಯಿತು ಎಂದುಕೊಂಡಳು ಕರಡಮ್ಮ.

ತಿಂಗಳ ಮೇಲೆ ಪಟ್ಟಿ ಬಂತು. ನಲವತ್ತೊಂದು ಹೆಸರು. ಗಿಳಿಯದಿರಲಿಲ್ಲ. ಪಾಸಾಗಲು ಅವಳಿಗೆ ಮೂರೇ ಅಂಕ ಕಡಿಮೆ ಬಿದ್ದಿತ್ತು. ಅರ್ಜಿ ಹಾಕಿದರೆ ಉತ್ತರ ಪತ್ರಿಕೆ ತೋರಿಸುತ್ತಿದ್ದರು. ಹಾಕಿ ನೋಡಿ ಬಂದಳು. ಪದಗಳ ಭಾಗದಲ್ಲಿ ಐದೂ ಉತ್ತರದ ಮೇಲೆ ಕೆಂಪು ಅಡ್ಡಗೆರೆ. ಐದಕ್ಕೆ ಸೊನ್ನೆ.

ಅವಳು ಅದನ್ನು ಹೇಳಿದ್ದು ಹೊಸ್ತಿಲ ಹೊರಗೆ ನಿಂತು. ಒಳಗೆ ಬರಲಿಲ್ಲ.

"ಪುಸ್ತಕದಲ್ಲಿ ಇರೋದನ್ನ ಬರೆದೋರಿಗೆಲ್ಲ ಅಂಕ ಕೊಟ್ಟಿದ್ದಾರೆ. ನಾನು ಸುಮ್ನೆ ಗಿಳಿಪಾಠ ಒಪ್ಪಿಸಿದ್ರೆ ಪಾಸಾಗಿರ್ತಿದ್ದೆ ಅಕ್ಕ."

ಪತ್ರಿಕೆ ತಿದ್ದುವವರು ಹಿಡಿದದ್ದೂ ಅದೇ ನೀಲಿ ಪುಸ್ತಕ. ಕರಡಮ್ಮ ಒಮ್ಮೆ ಕಣ್ಣು ಮುಚ್ಚಿ ಕೆಡಿಸಿದ್ದಳು. ಈ ಸಲ ಕಣ್ಣು ತೆರೆದು, ಒಳ್ಳೆಯದೆಂದು ತಿಳಿದು, ಕೈಯಾರೆ ಕೆಡಿಸಿದ್ದಳು.

ಆ ಸಂಜೆಯೇ ಕೂತು ಒಂದು ಮನವಿ ಬರೆದಳು. ನಾನು ಇಂಥ ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ಇಂಥ ಪುಟ ನನ್ನ ಬೇಜವಾಬ್ದಾರಿಯಿಂದ ತಪ್ಪಾಗಿ ಅಚ್ಚಾಗಿದೆ. ಸರಿ ಬರೆದವಳಿಗೆ ಅಂಕ ಕೊಡಬೇಕು. ಪುಸ್ತಕವನ್ನು ಪರೀಕ್ಷೆಯಿಂದ ತೆಗೆದುಹಾಕಬೇಕು. ಕೆಳಗೆ ಪೂರ್ತಿ ಸಹಿ. ಇದು ಹೋದರೆ ಕೆಲಸ ಹೋಗುತ್ತದೆ ಎಂದು ಗೊತ್ತಿತ್ತು. ಐವತ್ತೆರಡರ ವಯಸ್ಸಿನಲ್ಲಿ ಬೇರೆ ಯಾರೂ ಕರೆಯುವುದಿಲ್ಲ ಎಂಬುದೂ ಗೊತ್ತಿತ್ತು. ಬರೆದದ್ದನ್ನು ಮೂರು ಸಲ ಓದಿದಳು. ಪ್ರತಿ ಸಾಲಿನ ಕೊನೆಗೂ ಟಕ್, ಟಕ್.

ಇಲಾಖೆಯ ಕಚೇರಿಗೆ ಇಬ್ಬರೂ ಒಟ್ಟಿಗೆ ಹೋದರು. ಮೂರು ಗಂಟೆ ಬೆಂಚಿನ ಮೇಲೆ ಕೂತ ಮೇಲೆ ಅಧಿಕಾರಿಯ ಕೋಣೆಗೆ ಕರೆ ಬಂತು. ಅವರು ಕೆಟ್ಟ ಮನುಷ್ಯರಾಗಿರಲಿಲ್ಲ. ಕೂರಲು ಹೇಳಿದರು, ಮನವಿಯನ್ನು ಕೊನೆಯವರೆಗೆ ಓದಿದರು, ಕಪಾಟಿನಿಂದ ನಿಘಂಟು ತೆಗೆದು ಹೋಲಿಸಿದರು, ಪದಗಳ ಭಾಗದಲ್ಲಿ ಸೊನ್ನೆ ಬಂದ ಪತ್ರಿಕೆಗಳನ್ನೆಲ್ಲ ತರಿಸಿಯೂ ನೋಡಿದರು.

"ನೀವು ಹೇಳೋದು ನಿಜ," ಎಂದರು. "ಆರುನೂರು ಜನ ಬರೆದ ಪರೀಕ್ಷೆ ಇದು. ಈ ಐದನ್ನೂ ಸರಿ ಬರೆದೋರು ಎಷ್ಟು ಜನ ಗೊತ್ತೇನಮ್ಮ?"

"ಗೊತ್ತಿಲ್ಲ ಸಾರ್."

"ಇವ್ರೊಬ್ರೇ."

ಫ್ಯಾನಿನ ಗಾಳಿಗೆ ಮೇಜಿನ ಕಾಗದಗಳು ಏಳುತ್ತಿದ್ದವು. ಅಧಿಕಾರಿ ಅವುಗಳ ಮೇಲೆ ಕೈ ಇಟ್ಟರು.

"ಈಗ ಕೇಳಿ. ನಲವತ್ತೊಂದು ಜನಕ್ಕೆ ಆದೇಶ ಹೋಗಿದೆ. ಎಲ್ರೂ ಇವ್ರ ಥರದೋರೇ. ಆಯಾಗಳು, ಜವಾನರು, ಕಸ ಗುಡಿಸೋರು. ನಿಮ್ಮ ಮನವಿ ನಾನು ದಾಖಲು ಮಾಡ್ಕೊಂಡೆ ಅಂದ್ರೆ ಎಲ್ರ ಪತ್ರಿಕೇನೂ ಮತ್ತೆ ತಿದ್ಬೇಕು. ಪುಸ್ತಕ ನಂಬಿ ಓದಿದೋರಿಗೆ ಐದೂ ಹೋಗುತ್ತೆ. ಪಾಸಿನ ಅಂಕಕ್ಕಿಂತ ಕೆಳಗೆ ಬೀಳೋ ಇಪ್ಪತ್ತು, ಇಪ್ಪತ್ತೈದು ಜನಾನಾದ್ರೂ ವಾಪಸ್ ಕಳಿಸ್ಬೇಕು. ಅವ್ರು ಮಾಡಿದ ತಪ್ಪೇನು?"

"ಹಾಗಾದ್ರೆ ಇವಳು ಮಾಡಿದ ತಪ್ಪೇನು ಸಾರ್?"

"ಏನೂ ಇಲ್ಲ. ಅದಕ್ಕೇ ಒಂದು ದಾರಿ ಹೇಳ್ತೀನಿ. ಇವ್ರ ಅಂಕ ಕೂಡೋದ್ರಲ್ಲಿ ತಪ್ಪಾಗಿದೆ ಅಂತ ನಾನು ಬರೀತೀನಿ. ಐದು ಸೇರ್ಸಿದ್ರೆ ಪಟ್ಟಿ ಒಳಗೆ ಬರ್ತಾರೆ, ನಲವತ್ತೆರಡನೇ ಹೆಸರು. ಯಾರಿಗೂ ತೊಂದ್ರೆ ಇಲ್ಲ. ಆದ್ರೆ," ಅವರು ಮನವಿಯನ್ನು ಮಡಿಸಿ ಅವಳ ಕಡೆ ತಳ್ಳಿದರು, "ಇದು ನನ್ನ ಮೇಜಿಗೆ ಬಂದೇ ಇಲ್ಲ. ಪುಸ್ತಕದ ಮಾತು ಬೇಡ."

"ಮುಂದಿನ ವರ್ಷ ಓದೋರು?"

"ಬೇರೆ ಅಕ್ಷರ ಬರುತ್ತೆ ಬಿಡಿ."

ಕರಡಮ್ಮ ಪಕ್ಕಕ್ಕೆ ನೋಡಿದಳು. ಗಿಳಿ ಬೇಡ ಎನ್ನಲಿಲ್ಲ, ಬೇಕು ಎನ್ನಲಿಲ್ಲ. ಹದಿನಾಲ್ಕು ವರ್ಷ ಫಿನಾಯಿಲಿನಲ್ಲಿ ಅದ್ದಿ ಬೆಳ್ಳಗಾಗಿದ್ದ ಎರಡು ಕೈ ಮಡಿಲಲ್ಲಿಟ್ಟುಕೊಂಡು, ಆ ಮಡಿಸಿದ ಕಾಗದವನ್ನೇ ನೋಡುತ್ತಿದ್ದಳು.

ಟಕ್ ಎಂದೀತೆಂದು ಕರಡಮ್ಮ ಕಾದಳು. ಅಡ್ಡಕ್ಕೊಂದ್ಸಲ ಓದೋಣ್ವಾ ಎಂದು ತಾತ ಈಗ ಕೇಳಿದ್ದರೆ ಬಹುಶಃ ಮನವಿಯನ್ನು ಮತ್ತೆ ಬಿಡಿಸಿ ಅಲ್ಲೇ ಇಟ್ಟುಬಿಡುತ್ತಿದ್ದಳು. ಏನೂ ಕೇಳಲಿಲ್ಲ. ಫ್ಯಾನು ತಿರುಗುತ್ತಿತ್ತು.

ಅವಳು ಕಾಗದ ತೆಗೆದುಕೊಂಡು ಬ್ಯಾಗಿನೊಳಗೆ ಹಾಕಿದಳು.

ಇದನ್ನು ಸೋಲು ಎನ್ನುವವರಿದ್ದಾರೆ, ಬುದ್ಧಿವಂತಿಕೆ ಎನ್ನುವವರೂ ಇದ್ದಾರೆ. ಇಂಥ ಕೋಣೆಗಳನ್ನು ಕಟ್ಟಿದವರಿಗೆ ಗೊತ್ತಿರುವ ವಿದ್ಯೆ ಒಂದೇ: ಒಬ್ಬಳ ಅನ್ನವನ್ನು ಇನ್ನಿಪ್ಪತ್ತು ಜನರ ಅನ್ನದ ಎದುರು ಇಟ್ಟು, ತಾವು ಕೈ ತೊಳೆದುಕೊಂಡು, ತೀರ್ಪು ನಿನ್ನದೇ ಅಮ್ಮ ಎನ್ನುವುದು. ಹನ್ನೊಂದು ವರ್ಷ ತಪ್ಪು ಅಚ್ಚು ಹಾಕಿದವರು ಆ ಕೋಣೆಯಲ್ಲಿರಲಿಲ್ಲ. ನಿಘಂಟು ಬಿಡಿಸದೆ ಪ್ರಶ್ನೆ ತೆಗೆದವನೂ ಇರಲಿಲ್ಲ. ಇದ್ದವರು ಇಬ್ಬರು ಹೆಂಗಸರು, ಮತ್ತು ಇಬ್ಬರಿಗೂ ನಾಚಿಕೆಯಾಗುತ್ತಿತ್ತು.

ಹತ್ತನೇ ಮುದ್ರಣ ಅದೇ ವಾರ ಕಟ್ಟಾಗಿ ಲಾರಿ ಹತ್ತಿತು. ಕಟ್ಟುಗಳನ್ನು ದಾಟಿಕೊಂಡೇ ಕರಡಮ್ಮ ತನ್ನ ಮೇಜಿಗೆ ಹೋಗಬೇಕಿತ್ತು. ಹೋದಳು. ತಾತ ಆಮೇಲೆ ಬರಲೇ ಇಲ್ಲ. ಸಾಲು ಮುಗಿದಾಗೆಲ್ಲ ಅವಳ ಕಿವಿ ಒಂದು ಕ್ಷಣ ಕಾಯುತ್ತಿತ್ತು. ಎದುರಿನ ಕುರ್ಚಿಯಿಂದ ಬರುತ್ತಿದ್ದದ್ದು ಬರೀ ಮೌನ. ಬಡಿತವಿದ್ದಾಗ ಹೆದರಿಕೆ ಇಷ್ಟಿರಲಿಲ್ಲ. ಕೇಳುವವನು ಕೇಳುವುದನ್ನೇ ಬಿಟ್ಟರೆ ಏನು ತಿಳಿಯಬೇಕು? ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಒಮ್ಮೊಮ್ಮೆ ಅವಳೇ ಬೆರಳ ಗೆಣ್ಣಿನಿಂದ ಮೇಜಿಗೆ ಮೆಲ್ಲಗೆ ಬಡಿದು ನೋಡುತ್ತಿದ್ದಳು. ಅದು ಅವಳ ಕೈಯ ಸದ್ದು, ಅಷ್ಟೆ.

ಗೋಡೆಯಾಚೆಯೂ ಬಾಯಿಪಾಠ ನಿಂತಿತ್ತು. ಗಿಳಿ ನಲ್ಲಿಯ ಬಳಿ ಸಿಕ್ಕರೆ ನೀರಿನ ಮಾತು, ಬಿಸಿಲಿನ ಮಾತು. ಒಬ್ಬರ ಮುಖದಲ್ಲಿರುವುದನ್ನು ಇನ್ನೊಬ್ಬರು ಓದದಂತೆ ಇಬ್ಬರೂ ಕೊಡದೊಳಗೆ ನೋಡುತ್ತಿದ್ದರು.

ಕೆಲಸಕ್ಕೆ ಸೇರುವ ಹಿಂದಿನ ಸಂಜೆ ಗಿಳಿ ಬಾಗಿಲಿಗೆ ಬಂದಳು. ಆಸ್ಪತ್ರೆಯವರು ಕೊಟ್ಟ ಹೊಸ ಗುರುತಿನ ಚೀಟಿ ಕೈಯಲ್ಲಿತ್ತು. ಫೋಟೋ, ಹೆಸರು, ಹುದ್ದೆ, ಎಲ್ಲ ಇಂಗ್ಲಿಷಿನಲ್ಲಿ.

"ಅಕ್ಷರ ಎಲ್ಲ ಸರಿ ಇದೆಯಾ ನೋಡಿ ಅಕ್ಕ. ನಾಳೆ ಕೊರಳಿಗೆ ಹಾಕ್ಕೋಬೇಕು."

ಕರಡಮ್ಮ ದೀಪದ ಕೆಳಗೆ ಹಿಡಿದು ನಿಧಾನವಾಗಿ ನೋಡಿದಳು. ಒಂದೊಂದೇ ಅಕ್ಷರಕ್ಕೆ ಉಗುರು ಇಟ್ಟಳು.

"ಸರಿ ಇದೆ ಕಣೇ. ಏನೂ ತಪ್ಪಿಲ್ಲ."

ಗಿಳಿ ಚೀಟಿಗೆ ಕೈ ಚಾಚಿದಳು. ಮತ್ತೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ಇನ್ನೊಂದ್ಸಲ ನೋಡಿ ಅಕ್ಕ," ಎಂದಳು.